ಅಳೆಯದೆ ಬರೆದ ಜ್ವರ

ಈ ವರ್ಷ ನನ್ನ ಮೊಮ್ಮಗಳು ಒಬ್ಬ ರಾಷ್ಟ್ರಪತಿಯ ವಕೀಲೆಯಾದಳು. ಆ ರಾಷ್ಟ್ರಪತಿ ಎಲ್ಲೂ ಇರಲಿಲ್ಲ, ಅವನ ದೇಶವೂ ಇರಲಿಲ್ಲ. ಆರೋಪಗಳು ಮಾತ್ರ ಇದ್ದವು.

ಅವಳ ಶಾಲೆಯಲ್ಲಿ ಹನ್ನೊಂದನೆಯ ತರಗತಿಯವರು ಪ್ರತಿ ವರ್ಷ ಅಣಕು ಸಂಸತ್ತು ನಡೆಸುತ್ತಾರೆ. ಆ ತಿಂಗಳು ಟಿ.ವಿ. ಹಚ್ಚಿದರೆ ಬರೀ ಯುದ್ಧ. ನಾವಿರುವ ಮಸ್ಕತ್ತಿನಿಂದ ಹೊರಡುವ ವಿಮಾನಗಳು ಸುತ್ತು ಬಳಸಿ ಹೋಗುತ್ತಿದ್ದವು, ಊರಿಂದ ಫೋನುಗಳು ಬರುತ್ತಿದ್ದವು. ರಾಜ್ಯಶಾಸ್ತ್ರದ ಮೇಷ್ಟ್ರು ಅದನ್ನೇ ವಿಷಯ ಮಾಡಿದರು: ಯುದ್ಧಕಾಲದ ನಡವಳಿಕೆಗಾಗಿ ರಾಷ್ಟ್ರಪತಿಯೊಬ್ಬನನ್ನು ಯಾವ ಕಾನೂನಿನ ಆಧಾರದ ಮೇಲೆ ಕೆಳಗಿಳಿಸಬಹುದು? ದೇಶ ಕಲ್ಪನೆಯದು. ಅಲ್ಲಿ ರಾಷ್ಟ್ರಪತಿಯೇ ಸರ್ಕಾರ ನಡೆಸುತ್ತಾನೆ. ಆದರೆ ಮಹಾಭಿಯೋಗದ ನಿಯಮ, ಎಂದರೆ ಅವನನ್ನು ಪದವಿಯಿಂದ ತೆಗೆಯುವ ಕ್ರಮ, ನಮ್ಮ ಸಂವಿಧಾನದ್ದೇ ಎಂದು ತಿಳಿದು ವಾದಿಸಬೇಕು.

ಎರಡು ಆರೋಪಗಳನ್ನು ಮೇಷ್ಟ್ರು ಕೊಟ್ಟರು. ಒಂದು, ಸಂಸತ್ತಿನ ಮುಂದೆ ಇಡದೆ ಗಡಿಯಾಚೆಗೆ ಸೈನ್ಯ ಕಳಿಸಿದ್ದು. ಎರಡು, ಯುದ್ಧ ನಿಂತಮೇಲೂ ತುರ್ತು ಅಧಿಕಾರಗಳನ್ನು ಬಿಟ್ಟುಕೊಡದಿದ್ದುದು. ಮೂರನೆಯದನ್ನು ಮಕ್ಕಳೇ ಸೇರಿ ಬರೆಯಬೇಕಿತ್ತು. ಬರೆದದ್ದು ನನ್ನ ಮೊಮ್ಮಗಳು. ಗಡಿಯ ಆಸ್ಪತ್ರೆಯೊಂದನ್ನು ಒಂದೇ ದಿನದಲ್ಲಿ ಖಾಲಿ ಮಾಡಲು ರಾಷ್ಟ್ರಪತಿ ಆಜ್ಞೆ ಮಾಡಿದ. ಅಲ್ಲಿದ್ದ ಗಾಯಾಳು ಯುದ್ಧಕೈದಿಗಳಲ್ಲಿ ಕೆಲವರು ದಾರಿಯಲ್ಲೇ ತೀರಿಕೊಂಡರು. ಸಾವಿನ ಸುದ್ದಿ ಬಂದ ಮೇಲೂ, ಸಂಸತ್ತು ಕೇಳಿದಾಗಲೆಲ್ಲ ‘ಎಲ್ಲರೂ ಪ್ರಯಾಣಕ್ಕೆ ತಕ್ಕ ಸ್ಥಿತಿಯಲ್ಲಿದ್ದರು’ ಎಂಬ ಕಾಗದ ತೋರಿಸಿದ.

‘ಆಸ್ಪತ್ರಿ ಯಾಕ ತಂದಿ ನಡುವ?’ ಎಂದು ಕೇಳಿದೆ.

‘ಆಯಿ, ಸ್ಟ್ರಾಟೆಜಿ,’ ಎಂದಳು. ಅವಳು ನನ್ನನ್ನು ಕರೆಯುವುದು ಆಯಿ ಎಂದೇ. ನಮ್ಮ ಧಾರವಾಡದ ಕಡೆ ಅಜ್ಜಿಗೆ ಹಾಗೆನ್ನುತ್ತೇವೆ. ‘ಉಳಿದವರ ಮನ್ಯಾಗ ಯಾರ ಆಯಿನೂ ಮಿಲಿಟರಿ ನರ್ಸ್ ಇಲ್ಲ. ನಂಗ ಎಕ್ಸ್‌ಪರ್ಟ್ ಮನ್ಯಾಗ ಫ್ರೀ.’

ಹೌದು, ನಾನು ಸೇನೆಯ ನರ್ಸ್ ಆಗಿದ್ದೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗಡಿಯ ಹತ್ತಿರದ ಒಂದು ಆಸ್ಪತ್ರೆಯಲ್ಲಿದ್ದೆ. ಆಗ ಯುದ್ಧ ನಡೆದಿತ್ತು. ಮನೆಯಲ್ಲಿ ಇದು ಹೆಮ್ಮೆಯ ಮಾತು. ನನ್ನ ಮಗ ಇಲ್ಲಿ ಅಲ್ ಗುಬ್ರಾದಲ್ಲಿ, ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ ಇಂಜಿನಿಯರ್. ಸೊಸೆ ಉಡುಪಿಯ ಕಡೆಯವಳು, ಖುರುಮಿನ ಒಂದು ಆಫೀಸಿನಲ್ಲಿದ್ದಾಳೆ. ಯಜಮಾನರು ಹೋದಮೇಲೆ ಇವರು ನನ್ನನ್ನು ಇಲ್ಲಿಗೆ ಕರೆತಂದರು. ಯಾರೇ ಮನೆಗೆ ಬಂದರೂ ಮಗ ನನ್ನ ಹಾಸಿಗೆ ತೋರಿಸುತ್ತಾನೆ. ‘ನೋಡ್ರಿ, ಚಾದರದ ಮೂಲಿ ಹೆಂಗ ಮಡಚ್ಯಾಳ. ಐವತ್ತ ವರ್ಷದಿಂದ ಹಿಂಗ.’ ನಾಲ್ಕೂವರೆಗೆ ಏಳುವುದು, ಐದೂಕಾಲಿಗೆ ನಡಿಗೆ, ಬಿಸಿಲು ಏರುವ ಮೊದಲು ಮನೆ, ಹನ್ನೆರಡೂವರೆಗೆ ಊಟ. ಮನೆಯ ಗ್ಯಾಸಿನ ತಾರೀಕು, ಮೊಮ್ಮಗಳ ಲಸಿಕೆ, ಸೊಸೆಯ ಬಿ.ಪಿ., ಎಲ್ಲವೂ ನನ್ನ ವಹಿಯಲ್ಲಿವೆ. ‘ಬರೆಯದ್ದು ಆಗಿಲ್ಲ’ ಎಂಬುದು ನಾನು ಕಲಿತ ಮೊದಲ ಪಾಠ. ಔಷಧ ಕೊಟ್ಟು ಬರೆಯದಿದ್ದರೆ ಕೊಟ್ಟಿಲ್ಲ ಎಂದೇ ಲೆಕ್ಕ. ಮಕ್ಕಳಿಗೆ ಇದನ್ನು ನೂರು ಸಲ ಹೇಳಿದ್ದೇನೆ. ಅದರ ಇನ್ನೊಂದು ಮಗ್ಗುಲನ್ನು ಒಮ್ಮೆಯೂ ಹೇಳಿರಲಿಲ್ಲ.

ಮಧ್ಯಾಹ್ನ ಅವಳು ಶಾಲೆಯಿಂದ ಬಂದು ಊಟ ಮಾಡಿದ ಮೇಲೆ ಎರಡೂವರೆಯಿಂದ ನಾಲ್ಕರವರೆಗೆ ನಾವಿಬ್ಬರೂ ಮೇಜಿಗೆ ಕೂರುತ್ತಿದ್ದೆವು. ಅವಳು ಲ್ಯಾಪ್‌ಟಾಪಿನಲ್ಲಿ ಓದುತ್ತಿದ್ದಳು, ನಾನು ಗೆರೆ ಎಳೆದ ವಹಿಯಲ್ಲಿ ಬರೆಯುತ್ತಿದ್ದೆ. ಕಾನೂನು ನನಗೆ ಹೊಸದು. ಆದರೆ ಕ್ರಮ ಎಂಬುದು ಎಲ್ಲಿದ್ದರೂ ನನಗೆ ಬೇಗ ತಿಳಿಯುತ್ತದೆ.

ನಮ್ಮ ಸಂವಿಧಾನದಲ್ಲಿ ರಾಷ್ಟ್ರಪತಿಯನ್ನು ತೆಗೆಯಲು ಇರುವುದು ಒಂದೇ ಕಾರಣ: ಸಂವಿಧಾನದ ಉಲ್ಲಂಘನೆ. ಕೊಲೆ, ಲಂಚ, ದೇಶದ್ರೋಹ ಎಂದು ಪಟ್ಟಿ ಇಲ್ಲ. ಅಮೆರಿಕದಲ್ಲಿ ದೇಶದ್ರೋಹ, ಲಂಚ, ಬೇರೆ ಘೋರ ಅಪರಾಧಗಳು ಎಂದಿದೆಯಂತೆ. ನಮ್ಮಲ್ಲಿ ಒಂದೇ ಬಾಗಿಲು. ಯುದ್ಧದಲ್ಲಿ ಏನೇ ನಡೆದಿರಲಿ, ಅದನ್ನು ಆ ಬಾಗಿಲಿನಿಂದಲೇ ಒಳಗೆ ತರಬೇಕು. ಸದನದ ನಾಲ್ಕನೆಯ ಒಂದು ಭಾಗದಷ್ಟು ಸದಸ್ಯರ ಸಹಿ ಬೇಕು, ಹದಿನಾಲ್ಕು ದಿನದ ನೋಟಿಸು ಬೇಕು. ಒಂದು ಸದನ ಆರೋಪ ಹೊರಿಸಿದರೆ ಇನ್ನೊಂದು ಸದನ ತನಿಖೆ ಮಾಡಬೇಕು. ಎರಡೂ ಕಡೆ ಒಟ್ಟು ಸದಸ್ಯರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು. ಅಂದು ಬಂದು ಕೂತವರ ಲೆಕ್ಕವಲ್ಲ, ಒಟ್ಟು ಸದಸ್ಯರದು. ಗೈರುಹಾಜರಾದವನು ಕೂಡ ರಾಷ್ಟ್ರಪತಿಯ ಕಡೆಯವನೇ ಆಗುತ್ತಾನೆ. ಇದು ನನಗೆ ಹಿಡಿಸಿತು.

‘ಇಷ್ಟ ಬಿಗಿ ಇದ್ದರ ಯಾರನ್ನ ತಗೀತಾರ?’ ಎಂದೆ.

‘ಇಂಡಿಯಾದಾಗ ಇನ್ನೂ ಯಾರನ್ನೂ ತಗದಿಲ್ಲ. ಅದಕ್ಕ ನಾ ಡಿಫೆನ್ಸ್ ತಗೊಂಡಿದ್ದು,’ ಎಂದು ನಕ್ಕಳು.

ಸೊಸೆ ಅಡುಗೆಮನೆಯಿಂದ, ‘ಹೌದೌದು, ಗೆಲ್ಲುವ ಕುದುರೆ ನೋಡಿಯೇ ಹತ್ತುವುದು ಇವಳು. ಅಪ್ಪನ ಬುದ್ಧಿ,’ ಎಂದಳು.

ಮೊದಲ ಎರಡು ಆರೋಪಗಳಿಗೆ ಉತ್ತರ ಸಿದ್ಧವಾಯಿತು. ಮೂರನೆಯದಕ್ಕೆ ಅವಳ ವಾದ ಹೀಗಿತ್ತು: ಯುದ್ಧಕೈದಿಗಳ ಬಗ್ಗೆ ಇರುವುದು ಅಂತರರಾಷ್ಟ್ರೀಯ ಒಪ್ಪಂದ. ಒಪ್ಪಂದ ಮುರಿಯುವುದು ತಪ್ಪಾಗಿರಬಹುದು, ಆದರೆ ಅದು ಸಂವಿಧಾನದ ಉಲ್ಲಂಘನೆಯಲ್ಲ. ನಾನು ಸಂವಿಧಾನದ ಪುಸ್ತಕವನ್ನು ಬೆರಳಿಟ್ಟು ಓದಿದೆ. ಜೀವದ ಹಕ್ಕನ್ನು ಹೇಳುವ ವಿಧಿಯಲ್ಲಿ ‘ಯಾವ ವ್ಯಕ್ತಿಯ ಜೀವವನ್ನೂ’ ಎಂದಿದೆ. ನಾಗರಿಕ ಎಂದಿಲ್ಲ.

‘ಕೈದಿನೂ ವ್ಯಕ್ತಿನ. ಎದುರಿನವರು ಇದನ್ನ ಹಿಡೀತಾರ ನೋಡು,’ ಎಂದೆ.

ಅವಳು ಸ್ವಲ್ಪ ಹೊತ್ತು ಪರದೆ ನೋಡಿದಳು. ಆಮೇಲೆ ಚಿಟಿಕೆ ಹೊಡೆದಳು. ‘ಹಿಡೀಲಿ. ನನ್ನ ಕಡೆ ಚಾರ್ಟ್ ಐತಿ. ಪ್ರೆಸಿಡೆಂಟ್ ಹೋಗಿ ಪೇಷಂಟ್ ಮುಟ್ಟಿ ನೋಡಾಕ ಆಗೂದಿಲ್ಲ. ನರ್ಸ್ ಟೆಂಪರೇಚರ್ ಬರದಾಳ, ನಾರ್ಮಲ್ ಐತಿ, ಡಾಕ್ಟರ್ ಸಹಿ ಮಾಡ್ಯಾನ. ಅಂವ ಕಾಗದ ನಂಬ್ಯಾನ. ನಂಬಿದ್ದು ತಪ್ಪಾ? ಆಯಿ, ನಾ ಸ್ಟೇಜ್ ಮ್ಯಾಲೆ ಹೇಳ್ತೀನಿ, ನಮ್ಮ ಆಯಿ ಯುದ್ಧದಾಗ ನರ್ಸ್ ಇದ್ಲು, ಚಾರ್ಟ್ ಸುಳ್ಳ ಹೇಳಂಗಿಲ್ಲ ಅಂತ ಆಕಿನ ಹೇಳ್ಯಾಳ ಅಂತ. ಹೇಳ್ಲಾ?’

ನಾನು ಗಡಿಯಾರ ನೋಡಿದೆ. ನಾಲ್ಕಕ್ಕೆ ಇನ್ನೂ ಹದಿನೆಂಟು ನಿಮಿಷ ಇತ್ತು. ‘ಇವತ್ತಿಗೆ ಸಾಕು,’ ಎಂದು ವಹಿ ಮುಚ್ಚಿದೆ. ಅವಳು ಆಶ್ಚರ್ಯದಿಂದ ನೋಡಿದಳು. ನಾನು ಹೊತ್ತಿಗೆ ಮೊದಲೇ ಏಳುವವಳಲ್ಲ.

ಆ ಆಸ್ಪತ್ರೆ ಮೊದಲು ಒಂದು ಶಾಲೆಯಾಗಿತ್ತು. ಕರಿಹಲಗೆಯ ಕೆಳಗೆ ಹಾಸಿಗೆಗಳು. ನನ್ನ ಪಾಲಿಗೆ ಇಪ್ಪತ್ತಾರು. ಆ ದಿನ ಮೂರು ಗಂಟೆಗೆ ವಾರ್ಡಿಗೆ ಸುದ್ದಿ ಬಂತು: ಯುದ್ಧದ ಮುಂಚೂಣಿಯಿಂದ ಹೊಸ ಗಾಯಾಳುಗಳು ಬರುತ್ತಿದ್ದಾರೆ, ಹಾಸಿಗೆ ಬೇಕು, ನಾಲ್ಕು ಜನರನ್ನು ದೂರದ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಕತ್ತಲಾದರೆ ಆ ದಾರಿಯಲ್ಲಿ ದೀಪ ಹಚ್ಚುವಂತಿರಲಿಲ್ಲ, ಆದ್ದರಿಂದ ಬೆಳಕಿರುವಾಗಲೇ ಲಾರಿ ಹೊರಡಬೇಕು. ಡಾಕ್ಟರು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿದ್ದರು. ನಿಯಮ ಸರಳ. ಹೊರಡುವ ಮುನ್ನ ಪ್ರತಿಯೊಬ್ಬನ ಜ್ವರ ಅಳೆಯಬೇಕು. ನೂರ ಒಂದು ದಾಟಿದ್ದರೆ ಡಾಕ್ಟರನ್ನು ಕೇಳದೆ ಕಳಿಸಬಾರದು. ಬೆಳಿಗ್ಗೆ ನಾನು ಅಳೆದಾಗ ನಾಲ್ವರದೂ ತೊಂಬತ್ತೊಂಬತ್ತರ ಆಸುಪಾಸು ಇತ್ತು.

ಮೂವರು ನಮ್ಮವರು. ಒಬ್ಬ ಕೈದಿ, ತೊಡೆಗೆ ಗಾಯ, ನನ್ನಷ್ಟೇ ವಯಸ್ಸು ಇರಬೇಕು.

ಪಾದರಸದ ಥರ್ಮಾಮೀಟರು. ಜಾಡಿಸಬೇಕು, ಕಂಕುಳಲ್ಲಿ ಇಡಬೇಕು, ಕಾಯಬೇಕು. ನಾಲ್ವರಿಗೆ ಕಾಲು ಗಂಟೆ. ಅಷ್ಟೇ. ಲಾರಿಯ ಚಾಲಕ ಹಾರನ್ ಒತ್ತುತ್ತಲೇ ಇದ್ದ. ನಾನು ಚಾರ್ಟುಗಳನ್ನು ತೆಗೆದುಕೊಂಡು ಹೊರಟೆ, ಥರ್ಮಾಮೀಟರು ಇಟ್ಟ ತಟ್ಟೆಯನ್ನು ತೆಗೆದುಕೊಳ್ಳಲಿಲ್ಲ. ಬೆಳಗಿನ ಅಂಕಿಯನ್ನು ನೋಡಿ ಸಂಜೆಯದನ್ನು ಬರೆದೆ. ಒಂದಕ್ಕೆ ಎರಡು ಗೆರೆ ಹೆಚ್ಚು, ಇನ್ನೊಂದಕ್ಕೆ ಒಂದು ಕಡಿಮೆ. ಹಾಗೆಯೇ ಬರೆದರೆ ನಕಲು ಎಂದು ಗೊತ್ತಾಗುತ್ತದಲ್ಲ. ಈ ವಿದ್ಯೆಯನ್ನು ಯಾರೂ ಕಲಿಸುವುದಿಲ್ಲ, ಆದರೆ ವಾರ್ಡಿನಲ್ಲಿ ನಿಂತು ದುಡಿದ ಎಲ್ಲ ನರ್ಸುಗಳಿಗೂ ಗೊತ್ತು.

ಕೈದಿಯ ಹಾಸಿಗೆ ಕೊನೆಯದು. ನಾನು ಚಾರ್ಟು ಹಿಡಿದು ಬಂದದ್ದನ್ನು ಕಂಡು, ದಿನವೂ ಮಾಡುವಂತೆ, ಅವನು ಅಂಗಿ ಸರಿಸಿ ತೋಳೆತ್ತಿದ. ನಾನು ಬರೆದು ಮುಂದೆ ಹೋದೆ. ಬಾಗಿಲ ಬಳಿ ತಿರುಗಿ ನೋಡಿದೆ. ತೋಳು ಇನ್ನೂ ಮೇಲಿತ್ತು. ಮರೆತುಹೋಗಿದ್ದಾಳೆ, ತಟ್ಟೆ ತರಲು ಹೋಗಿದ್ದಾಳೆ ಎಂದುಕೊಂಡಿರಬೇಕು.

ಮೂರು ದಿನ ಬಿಟ್ಟು ಅದೇ ಲಾರಿ ಬಂತು. ಕಂಬಳಿಗಳನ್ನು ಎಣಿಸಿ ಒಪ್ಪಿಸುವಾಗ ಚಾಲಕ ಹೇಳಿದ, ‘ಸಿಸ್ಟರ್, ಆ ದಿನ ಒಬ್ಬ ದಾರೀಲೇ ಹೋಗಿಬಿಟ್ಟ. ಮೈ ಕೆಂಡದಂತೆ ಸುಡುತ್ತಿತ್ತು.’ ನಾನು ಕಂಬಳಿಗೆ ಸಹಿ ಹಾಕಿದೆ. ನಾಲ್ವರಲ್ಲಿ ಯಾರು ಎಂದು ಕೇಳಲಿಲ್ಲ. ಕೇಳಲು ಒಂದು ಶಬ್ದ ಸಾಕಿತ್ತು. ಅವನು ಬೀಡಿ ಹಚ್ಚಿ ಮುಗಿಸುವವರೆಗೂ ನಾನು ಅಲ್ಲೇ ನಿಂತಿದ್ದೆ.

ಕೈದಿ ಎಂಬ ಉತ್ತರ ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು ಎಂಬ ಭಯವಿತ್ತು. ಆ ಭಯ ಈಗಲೂ ಹೋಗಿಲ್ಲ. ತಟ್ಟೆ ತೆಗೆದುಕೊಳ್ಳದೆ ಹೊರಟದ್ದು ಹೊತ್ತಿಲ್ಲವೆಂದೋ, ಕೊನೆಯ ಹಾಸಿಗೆಯಲ್ಲಿ ಯಾರು ಮಲಗಿದ್ದಾನೆ ಎಂಬುದು ಗೊತ್ತಿತ್ತೆಂದೋ ನಾನು ಇಂದಿಗೂ ಹೇಳಲಾರೆ. ಐವತ್ತು ವರ್ಷ ಇದನ್ನು ಚಾದರದ ಮೂಲೆಯಂತೆ ಮಡಚಿ ಒಳಗೆ ಸಿಕ್ಕಿಸಿದ್ದೆ. ಆದರೂ ಅದು ಹೊರಗೆ ಬರುತ್ತದೆ. ಟ್ಯಾಕ್ಸಿಯವನು ಕಿಟಕಿಗೆ ಮೊಣಕೈ ಇಟ್ಟುಕೊಂಡಿದ್ದರೆ, ಹಮ್ರಿಯಾದ ಅಂಗಡಿಯಲ್ಲಿ ಯಾರಾದರೂ ಮೇಲಿನ ಹಲಗೆಯ ಡಬ್ಬಿಗೆ ಕೈಚಾಚಿದರೆ, ನಾನು ಕಣ್ಣು ತೆಗೆದು ಬೇರೆ ಕಡೆ ನೋಡುತ್ತೇನೆ.

ಮೊಮ್ಮಗಳು ಕೇಳಿದ ಮೇಲೆ ಎರಡು ದಿನ ನನ್ನ ಕ್ರಮ ತಪ್ಪಿತು. ನಡಿಗೆಗೆ ಹೊರಟವಳು ಸಮುದ್ರದ ಕಡೆ ತಿರುಗುವ ಬದಲು ಸ್ಥಾವರದ ಗೋಡೆಯ ಬಳಿಯೇ ನಿಂತಿದ್ದೆ. ಸುಮ್ಮನಿದ್ದರೆ ಏನೂ ಆಗುವುದಿಲ್ಲ. ಅವಳು ವೇದಿಕೆಯ ಮೇಲೆ ನನ್ನ ಹೆಸರಿನಲ್ಲಿ ಒಂದು ಮಾತು ಹೇಳುತ್ತಾಳೆ, ಜನ ಚಪ್ಪಾಳೆ ತಟ್ಟುತ್ತಾರೆ, ಮಗ ವೀಡಿಯೊ ಮಾಡಿ ಊರಿಗೆಲ್ಲ ಕಳಿಸುತ್ತಾನೆ. ಆದರೆ ಹೇಳುವುದು ಅವಳ ಬಾಯಿ. ನನ್ನ ಸುಳ್ಳಿಗೆ ಅವಳಿಂದ ಸಹಿ ಹಾಕಿಸಿದಂತೆ.

ಮೂರನೆಯ ದಿನ ಎರಡೂವರೆಗೆ ಮೇಜಿಗೆ ಕೂತಾಗ ಹೇಳಿದೆ. ಮೇಲೆ ಬರೆದಷ್ಟೇ, ಅದೇ ಕ್ರಮದಲ್ಲಿ. ಅವಳು ಲ್ಯಾಪ್‌ಟಾಪ್ ಮುಚ್ಚಿ ಕೇಳಿದಳು. ಅವಳು ಅಳಬಹುದು, ನನ್ನನ್ನು ತಬ್ಬಿಕೊಳ್ಳಬಹುದು ಎಂದುಕೊಂಡಿದ್ದೆ. ಅದಕ್ಕೆ ಹೆದರಿದ್ದೆ ಕೂಡ. ಅವಳು ವಕೀಲೆಯಾಗಿಬಿಟ್ಟಿದ್ದಳು.

‘ನಿಂಗ ಗೊತ್ತಿತ್ತಾ, ಜ್ವರ ಏರೇತಿ ಅಂತ?’

‘ಇಲ್ಲ. ಅಳದು ನೋಡಿದ್ದರ ಗೊತ್ತಾಗ್ತಿತ್ತು.’

‘ಅಂದ್ರ ಇಂಟೆನ್ಶನ್ ಇರಲಿಲ್ಲ.’

‘ಅದನ್ನ ನಾ ಹೇಳಾಕ ಬರಂಗಿಲ್ಲ.’

‘ಡ್ರೈವರ್ ಹೇಳಿದ ಮ್ಯಾಲೆ? ಡಾಕ್ಟರಿಗೆ ಹೇಳಿದಿ?’

‘ಇಲ್ಲ.’

‘ಮೇಟ್ರನ್‌ಗೆ?’

‘ಇಲ್ಲ.’

‘ಅಜ್ಜಗ?’

‘ಅವರಿಗೂ ಇಲ್ಲ. ಯಾರಿಗೂ ಇಲ್ಲ. ನಿಂಗ ಮೊದಲು.’

ಅವಳು ತುಟಿ ಕಚ್ಚಿಕೊಂಡಳು. ‘ಆಯಿ, ಸುಳ್ಳ ಬರದದ್ದು ಒಂದು ದಿನದ್ದು. ಹೇಳದೇ ಇದ್ದಿದ್ದು ದಿನಾ,’ ಎಂದಳು. ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು ಎಂದು ಕಾಣುತ್ತದೆ. ಎದ್ದು ಹೋಗಿ ನನಗೆ ನೀರು ತಂದಿಟ್ಟಳು. ಅವಳು ಹೇಳಿದ್ದು ಸರಿಯಾಗಿತ್ತು. ನಾನು ಅದನ್ನು ಅಷ್ಟು ಚಿಕ್ಕದಾಗಿ ಎಂದೂ ಹೇಳಿಕೊಂಡಿರಲಿಲ್ಲ.

‘ಅಪ್ಪಗ ಹೇಳ್ತಿ?’

‘ನೋಡೂಣು,’ ಎಂದೆ. ಅದು ಕೂಡ ಅಳೆಯದೆ ಬರೆದ ಉತ್ತರವೇ.

ಶನಿವಾರ ಬೆಳಿಗ್ಗೆ ಶಾಲೆಯ ಸಭಾಂಗಣ ತುಂಬಿತ್ತು. ಮಗ, ಸೊಸೆ, ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆವು. ಮಕ್ಕಳು ಕರಿ ಕೋಟು ಹಾಕಿಕೊಂಡು ಎರಡು ಕಡೆ ಕೂತಿದ್ದರು. ಮೊದಲ ಎರಡು ಆರೋಪಗಳಲ್ಲಿ ನನ್ನ ಮೊಮ್ಮಗಳ ಮಾತು ನೀರು ಹರಿದಂತೆ ಹರಿಯಿತು. ಸೈನ್ಯ ಕಳಿಸಿದ ಮಾರನೆಯ ವಾರವೇ ಸಂಸತ್ತು ಹಣ ಮಂಜೂರು ಮಾಡಿತಲ್ಲ, ಹಾಗಾದರೆ ಒಪ್ಪಿದಂತೆಯೇ ಅಲ್ಲವೇ ಎಂದು ಎದುರಿನವರ ಬಾಯಿ ಕಟ್ಟಿದಳು. ಮಗ ಫೋನು ಎತ್ತಿ ಹಿಡಿದೇ ಇದ್ದ.

ಮೂರನೆಯ ಆರೋಪ ಬಂತು. ಎದುರಿನ ಹುಡುಗ ಒಳ್ಳೆಯ ತಯಾರಿ ಮಾಡಿದ್ದ. ನಾನು ಊಹಿಸಿದಂತೆಯೇ ‘ಯಾವ ವ್ಯಕ್ತಿಯ ಜೀವವನ್ನೂ’ ಎಂಬುದನ್ನೇ ಹಿಡಿದ. ಕೈದಿಯ ಜೀವ ತೆಗೆದದ್ದು ಸಂವಿಧಾನದ ಉಲ್ಲಂಘನೆಯೇ ಎಂದ. ಇವಳು ಎದ್ದಳು. ಕೈಯಲ್ಲಿ ಕಾಗದ ಇರಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ.

ಚಾರ್ಟು ಸುಳ್ಳು ಹೇಳುವುದಿಲ್ಲ ಎಂದು ವಾದಿಸಲು ಬಂದಿದ್ದೆ, ಎಂದಳು. ಆದರೆ ಚಾರ್ಟು ಸುಳ್ಳು ಹೇಳುತ್ತದೆ. ಒಂದು ಯುದ್ಧದಲ್ಲಿ ಒಬ್ಬ ನರ್ಸ್ ನಾಲ್ಕು ಜನರ ಜ್ವರವನ್ನು ಅಳೆಯದೆ ಬರೆದು ಲಾರಿ ಹತ್ತಿಸಿದಳು, ದಾರಿಯಲ್ಲಿ ಒಬ್ಬ ಸತ್ತ. ರಾಷ್ಟ್ರಪತಿ ಆ ಕಾಗದ ನಂಬಿದ್ದು ಅಪರಾಧವಲ್ಲ. ಅದಕ್ಕಾಗಿ ಅವನನ್ನು ಕೆಳಗಿಳಿಸಬೇಡಿ. ಆದರೆ ಸಾವಿನ ಸುದ್ದಿ ಬಂದು ಕಾಗದ ಸುಳ್ಳೆಂದು ತಿಳಿದ ದಿನ ಅವನು ಸಂಸತ್ತಿಗೆ ಹೋಗಿ ಹೇಳಬೇಕಿತ್ತು. ಸಂವಿಧಾನವನ್ನು ಕಾಯುತ್ತೇನೆ ಎಂದು ಪ್ರಮಾಣ ಮಾಡಿದವನು ಗೊತ್ತಿದ್ದೂ ಅದೇ ಕಾಗದವನ್ನು ಮತ್ತೆ ಮತ್ತೆ ತೋರಿಸಿದನಲ್ಲ, ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಅಷ್ಟು ಹೇಳಿ ಕೂತುಬಿಟ್ಟಳು.

ಸಭಾಂಗಣದಲ್ಲಿ ಗುಜುಗುಜು ಎದ್ದಿತು. ಅವಳ ಪಕ್ಕದ ಹುಡುಗಿ ತಲೆಯ ಮೇಲೆ ಕೈ ಹೊತ್ತಳು. ಮತ ಹಾಕಿದರು. ಮೊದಲ ಎರಡು ಆರೋಪಗಳು ಬಿದ್ದವು. ಮೂರನೆಯದಕ್ಕೆ ಮೂರನೇ ಎರಡರಷ್ಟನ್ನೂ ದಾಟಿ ಕೈಗಳು ಎದ್ದವು. ಅಷ್ಟೊಂದು ತೋಳುಗಳು ಒಟ್ಟಿಗೆ ಎದ್ದಾಗ ನಾನು ನನ್ನ ಚಪ್ಪಲಿಯನ್ನೇ ನೋಡುತ್ತ ಕೂತಿದ್ದೆ. ರಾಷ್ಟ್ರಪತಿ ಹೋದ. ಉತ್ತಮ ವಾದದ ಬಹುಮಾನ ಎದುರಿನ ಹುಡುಗನಿಗೆ ಹೋಯಿತು.

ಕಾರಿನಲ್ಲಿ ಸೊಸೆಗೆ ತಡೆಯಲಾಗಲಿಲ್ಲ. ‘ಎಂತ ಮಾಡಿದ್ದು ನೀನು? ವಕೀಲೆಯೇ ಎದ್ದು ನಿಂತು ಆರೋಪ ಒಪ್ಪಿಕೊಳ್ಳುವುದು ಉಂಟಾ ಮಾರಾಯ್ತಿ? ಕೈಗೆ ಬಂದ ಬಹುಮಾನ! ಆ ಹುಡುಗನ ಅಮ್ಮ ನನ್ನನ್ನು ನೋಡಿ ನಕ್ಕಳು, ಗೊತ್ತುಂಟಾ?’

‘ಸಾರಿ ಅಮ್ಮ,’ ಎಂದಳು ಮೊಮ್ಮಗಳು. ಅವಳು ಹಿಂದೆ ನನ್ನ ಪಕ್ಕದಲ್ಲಿ ಕೂತಿದ್ದಳು.

ಮಗ ನಗುತ್ತಿದ್ದ. ‘ಹೋಗ್ಲಿ ಬಿಡು. ಆದ್ರ ಆ ನರ್ಸ್ ಕಥಿ ಭಾರಿ ಇತ್ತು. ಎಲ್ಲಿಂದ ತಂದಿ?’

‘ಇಂಟರ್‌ನೆಟ್,’ ಎಂದಳು. ಹೇಳಲು ಒಂದು ಕ್ಷಣವೂ ತಡಮಾಡಲಿಲ್ಲ. ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು.

‘ಎಂಥಾ ಹೆಂಗಸರು ಇರ್ತಾರ ನೋಡವ್ವಾ,’ ಎಂದ ಮಗ ಕನ್ನಡಿಯಲ್ಲಿ ನನ್ನನ್ನು ನೋಡಿ. ‘ನಿನ್ನ ಕೈಯಾಗ ಸಿಕ್ಕಿದ್ದರ ಆಕೀನ ಸುಮ್ಮನ ಬಿಡ್ತಿದ್ದಿಲ್ಲ ನೀ.’

ಹದಿನಾರು ವರ್ಷದ ಹುಡುಗಿ ನನಗಾಗಿ ಬಹುಮಾನ ಬಿಟ್ಟಿದ್ದಳು, ಈಗ ನನಗಾಗಿ ಸುಳ್ಳು ಹೇಳಿದ್ದಳು. ಎಷ್ಟು ಸಲೀಸಾಗಿ ಹೇಳಿದಳು ಎಂಬುದೇ ನನ್ನನ್ನು ನಡುಗಿಸಿತು. ನಾನೂ ಆ ದಿನ ಅಷ್ಟೇ ಸಲೀಸಾಗಿ ಬರೆದಿದ್ದೆ.

‘ಇಂಟರ್‌ನೆಟ್ ಅಲ್ಲ,’ ಎಂದೆ. ‘ಆ ನರ್ಸ್ ನಾನ.’

ಸೊಸೆ ಹಿಂದಕ್ಕೆ ತಿರುಗಿದಳು. ‘ಅತ್ತೆ, ತಮಾಷೆ ಮಾಡ್ತೀರಾ?’

‘ಇಲ್ಲವ್ವ.’

ಮಗ ಮನೆಯ ತಿರುವನ್ನು ದಾಟಿ ಮುಂದೆ ಹೋದ. ವೃತ್ತಕ್ಕೆ ಒಂದು ಸುತ್ತು ಹಾಕಿದ, ಹೊರಗೆ ಬರದೆ ಇನ್ನೊಂದು ಸುತ್ತು ಹಾಕಿದ. ಕೊನೆಗೆ ಒಂದು ಕಾಫಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದ. ಚಹಾ ಬೇಕೇ ಎಂದು ಕೇಳಲು ಕಾರಿನ ಬಳಿಗೆ ಬಂದ ಅಂಗಡಿಯವನಿಗೆ ‘ಏನೂ ಬೇಡ’ ಎಂದು ಕೈಯಾಡಿಸಿ ಕಳಿಸಿದ.

‘ಸತ್ತಂವ ಯಾರು ಅವ್ವಾ?’

‘ಕೇಳಲಿಲ್ಲ.’

‘ಐವತ್ತ ವರ್ಷ ಕೇಳಲಿಲ್ಲಾ?’

‘ಇಲ್ಲ.’

ಅವನು ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಯೋಚಿಸಿದ. ಅವನೂ ಕ್ರಮದ ಮನುಷ್ಯನೇ. ಯಂತ್ರ ಕೆಟ್ಟರೆ ಮೊದಲು ಹಳೆಯ ದಾಖಲೆ ತೆಗೆದು ನೋಡುವುದು ಅವನ ಕೆಲಸ. ‘ಮಿಲಿಟರಿಯವರು ಕಾಗದ ಒಗಿಯಂಗಿಲ್ಲ. ಬರದು ಕೇಳೂಣು. ಅದರಾಗ ಇರ್ತೈತಿ, ಯಾರಿಗೆ ಎಷ್ಟ ಜ್ವರ ಇತ್ತು ಅಂತ.’

‘ಅದರಾಗ ನಾ ಬರದ ಅಂಕಿನ ಇರ್ತಾವು,’ ಎಂದೆ.

ನೀನು ಚಿಕ್ಕವಳಿದ್ದಿ, ಯುದ್ಧ ನಡೆದಿತ್ತು, ಹೋಗಲಿ ಬಿಡು ಎಂದು ಅವರಲ್ಲಿ ಯಾರಾದರೂ ಹೇಳಿದ್ದರೆ ನಾನು ಕಾರಿನಿಂದ ಇಳಿದು ನಡೆದೇ ಮನೆಗೆ ಹೋಗುತ್ತಿದ್ದೆ. ಯಾರೂ ಹೇಳಲಿಲ್ಲ.

‘ಆ ಲಾರಿ ದಾರಿ ಎಷ್ಟ ದೂರ ಇತ್ತು?’ ಎಂದು ಕೇಳಿದ ಮಗ.

‘ಐದ ತಾಸು.’

ಅವನು ತಲೆಯಾಡಿಸಿ ಕಾರು ಚಾಲೂ ಮಾಡಿದ.